ಬೀಗರ ಎದುರು ಬೀಗ ಬಿದ್ದ ಹಾಡು: ಡಿಜೆ ಲ್ಯಾಪ್‌ಟಾಪಿಗೆ ಯಾವ ಫೈಲು ಸರಿ?

ಹೊಸನಗರದ ಕಡೆ ಒಂದು ಮದುವೆಮನೆ. ಅಡಿಕೆ ಒಣಗಿಸುವ ಅಂಗಳಕ್ಕೇ ಚಪ್ಪರ ಹಾಕಿ ಮೇಲೆ ತಗಡು ಹೊದಿಸಿದ್ದರು. ರಾತ್ರಿ ಎಂಟೂವರೆ ಇರಬಹುದು, ಎರಡನೇ ಪಂಕ್ತಿ ಏಳುವ ಹೊತ್ತು. ಮದುಮಗಳ ಸೋದರಮಾವ ನನ್ನ ಟೇಬಲ್ ಹತ್ತಿರ ಬಂದು, ತಮ್ಮ ಕಾಲೇಜು ದಿನಗಳ ಒಂದು ಇಂಗ್ಲಿಷ್ ಹಾಡಿನ ಹೆಸರು ಹೇಳಿ, ಬೀಗರ ಕಡೆ ಒಮ್ಮೆ ನೋಡಿ, "ಅವರಿಗೂ ಗೊತ್ತಾಗ್ಲಿ" ಅಂದರು. ಹುಡುಕಿದೆ, ಇತ್ತು. ಎಳೆದು ಡೆಕ್ಕಿಗೆ, ಅಂದರೆ ಡಿಜೆ ಸಾಫ್ಟ್‌ವೇರಿನಲ್ಲಿ ಹಾಡು ಹತ್ತಿಸುವ ಜಾಗಕ್ಕೆ, ಬಿಟ್ಟೆ. ಹಾಡಿನ ಸದ್ದಿನ ಚಿತ್ರ, ಅಂದರೆ ಬಣ್ಣದ ವೇವ್‌ಫಾರ್ಮ್, ಏರಿಳಿಯುತ್ತ ಮೂಡಬೇಕಾದ ಜಾಗದಲ್ಲಿ ಒಂದು ಸಪೂರ ಗೆರೆ. ಮತ್ತೆ ಎಳೆದೆ. ಮತ್ತೆ ಅದೇ ಗೆರೆ.

"ಎಂತ ಮಾರಾಯ, ಆ ಹಾಡು ಇಲ್ವಾ?"

"ಇದೆ ಮಾವ, ಬರ್ತಾ ಇಲ್ಲ."

"ಇದ್ದ ಮೇಲೆ ಬರದೇ ಇರೋದು ಎಂತಕ್ಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ಫೈಲನ್ನು ಲ್ಯಾಪ್‌ಟಾಪಿನ ಮಾಮೂಲಿ ಪ್ಲೇಯರಿನಲ್ಲಿ ಒತ್ತಿದರೆ ಸೊಗಸಾಗಿ ಹಾಡುತ್ತಿತ್ತು. ಆಮೇಲೆ ಎರಡು ವಾರ ಡಿಜೆ ಸಾಫ್ಟ್‌ವೇರ್ ತೆಗೆದು ಹಾಕಿದ್ದೇ ಹಾಕಿದ್ದು. ಆ ಸಾಫ್ಟ್‌ವೇರನ್ನು ಕೈಯಲ್ಲಿ ಆಡಿಸುವ ಯಂತ್ರ, ಕಂಟ್ರೋಲರ್, ಕೆಟ್ಟಿದೆ ಅಂತ ಶಿವಮೊಗ್ಗದ ರಿಪೇರಿ ಅಂಗಡಿಗೂ ಒಯ್ದು ಬಂದೆ. ಕೆಟ್ಟಿದ್ದು ಯಾವುದೂ ಅಲ್ಲ. ಆ ಹಾಡಿಗೆ ಬೀಗ ಇತ್ತು (ನಕಲು ಮಾಡದಂತೆ ಫೈಲಿಗೆ ಹಾಕುವ ಡಿಜಿಟಲ್ ಬೀಗ, ಡಿಆರ್‌ಎಂ ಅನ್ನುತ್ತಾರೆ), ಕೀಲಿ ಆ ಪ್ಲೇಯರ್ ಹತ್ತಿರ ಮಾತ್ರ ಇತ್ತು.

ಈಗ ಊರಿನ ಹುಡುಗರು ಹೊಸದಾಗಿ ಕಂಟ್ರೋಲರ್ ತಗೊಂಡು ಬಂದು ಮೊದಲು ಕೇಳುವುದೇ "ಅಣ್ಣಾ, ಹಾಡು ಎಲ್ಲಿಂದ ತಗೊಳ್ಳೋದು?" ಅಂತ. ನಾನು ಹಣ ಕಳೆದುಕೊಂಡು ಕಲಿತದ್ದನ್ನು ಇಲ್ಲಿ ಹಾಕಿದ್ದೇನೆ. ಹೋಲಿಸುವಾಗ ಬೆಲೆ, ಕ್ವಾಲಿಟಿ ಎಲ್ಲಕ್ಕಿಂತ ಮೊದಲು ಒಂದು ವಿಷಯ ನೋಡುತ್ತೇನೆ. ಈ ಹಾಡು ನನ್ನ ಕೈಯಲ್ಲಿರುವ ಫೈಲಾ, ಇಲ್ಲಾ ಯಾರೋ ಕೊಟ್ಟ ಅನುಮತಿಯಾ?

ಇದ್ದೂ ಬಾರದ್ದಕ್ಕೆ ಕಾರಣ

ಮಾಮೂಲಿ ಪ್ಲೇಯರಿಗೆ ಹಾಡಿನ ಮೇಲೆ ಹೆಚ್ಚು ಕೆಲಸ ಇಲ್ಲ. ಕೀಲಿ ಹಾಕಿ ಬೀಗ ತೆಗೆಯುತ್ತದೆ, ಮೊದಲಿಂದ ಕೊನೆವರೆಗೆ ಸ್ಪೀಕರಿಗೆ ಸುರಿಯುತ್ತದೆ, ಮುಗಿಯಿತು. ಡಿಜೆ ಸಾಫ್ಟ್‌ವೇರಿಗೆ ಅಷ್ಟು ಸಾಲದು. ಅದು ಇಡೀ ಹಾಡನ್ನು ಬಿಚ್ಚಿ ಮಡಿಲಲ್ಲಿ ಹಾಕಿಕೊಳ್ಳಬೇಕು. ಆಗಲೇ ವೇವ್‌ಫಾರ್ಮ್ ಬಿಡಿಸಲು, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಎಣಿಸಲು, ಬೀಟ್ ಬೀಳುವ ಜಾಗಕ್ಕೆ ಗೆರೆ ಹಾಕಲು, ಶ್ರುತಿ ಕೆಡದಂತೆ ವೇಗ ಏರಿಸಿ ಇಳಿಸಲು, ಕಂಟ್ರೋಲರಿನ ಚಕ್ರ, ಜಾಗ್ ವೀಲ್, ಹಿಂದೆ ತಿರುಗಿಸಿದರೆ ಹಿಂದಕ್ಕೆ ನುಡಿಸಲು ಆಗುವುದು. ಹಾಗೆ ಬಿಚ್ಚಿದ ಹಾಡು ಇನ್ನೊಬ್ಬರ ಸಾಫ್ಟ್‌ವೇರ್ ಕೈಗೆ ಸಿಕ್ಕಿತು ಅಂದರೆ, ಅದನ್ನು ಬೀಗವಿಲ್ಲದ ಫೈಲಾಗಿ ಉಳಿಸಿಕೊಳ್ಳುವುದು ಕ್ಷಣದ ಕೆಲಸ. ಅದಕ್ಕೇ ಬೀಗ ಮಾಡಿದವರು ಕೀಲಿ ಕೊಡುವುದಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ, ಇನ್ನೂ ದುಬಾರಿ ಕಂಟ್ರೋಲರ್ ತಂದರೆ ಇದು ಸರಿಹೋಗಲ್ಲ. ಕಬ್ಬಿಣದ ತಿಜೋರಿ ತೆರೆಯದಿದ್ದರೆ ಮನೆಗೆ ಸುಣ್ಣ ಬಳಿದು ಏನು ಪ್ರಯೋಜನ?

ಹಳೇ ಅಂಗಡಿಯ ಬೀಗದ ಫೈಲು

ಆ ಮದುವೆಯ ಹಾಡು ನನಗೆ ಬಂದದ್ದು ಅಮೆರಿಕದಲ್ಲಿದ್ದ ಚಿಕ್ಕಪ್ಪನ ಮಗನಿಂದ. ರಜೆಗೆ ಬಂದಾಗ ಹಾಡು ಹಾಕಿಕೊಟ್ಟು, ನನ್ನ ಲ್ಯಾಪ್‌ಟಾಪಿಗೆ ತನ್ನ ಖಾತೆಯ ಅನುಮತಿಯನ್ನೂ ಕೊಟ್ಟು ಹೋಗಿದ್ದ. ಆ್ಯಪಲ್‌ನವರ ಐಟ್ಯೂನ್ಸ್ ಅಂಗಡಿ ಅಲ್ಲಿ ಶುರುವಾದದ್ದು 2003ರ ಏಪ್ರಿಲ್‌ನಲ್ಲಿ. ಆಗ ಮಾರುತ್ತಿದ್ದ ಹಾಡು 128 ಕೆಬಿಪಿಎಸ್‌ನ (ಈ ಸಂಖ್ಯೆ ಹೆಚ್ಚಿದಷ್ಟೂ ಕ್ವಾಲಿಟಿ ಹೆಚ್ಚು) ಎಎಸಿ ಅನ್ನುವ ಬಗೆಯ ಫೈಲು, ಅದರ ಮೇಲೆ ಫೇರ್‌ಪ್ಲೇ ಅನ್ನುವ ಬೀಗ. ಫೈಲ್ ಹೆಸರಿನ ಕೊನೆಗೆ ಎಂ4ಪಿ ಅಂತ ಇರುತ್ತಿತ್ತು. ಒಂದು ಖಾತೆಗೆ ಮೊದಲು ಮೂರು, 2004ರಿಂದ ಐದು ಕಂಪ್ಯೂಟರ್, ಆರನೆಯದಕ್ಕೆ ಇಲ್ಲ. ಮೈಕ್ರೋಸಾಫ್ಟ್ ಕಡೆಯ ಅಂಗಡಿಗಳು ಡಬ್ಲ್ಯುಎಂಎ ಫೈಲಿಗೆ ತಮ್ಮದೇ ಬೀಗ ಹಾಕುತ್ತಿದ್ದವು. ಇವರ ಹಾಡು ಅವರ ಯಂತ್ರದಲ್ಲಿ ಹಾಡುತ್ತಿರಲಿಲ್ಲ, ಅವರದು ಇವರಲ್ಲಿ ಇಲ್ಲ.

ಆ ಕಾಲದ ನಿಜವಾದ ಪಾಠ ಕಲಿಸಿದ್ದು ಯಾಹೂ. 2008ರಲ್ಲಿ ಅವರು ಹಾಡಿನ ಅಂಗಡಿ ಮುಚ್ಚಿದಾಗ ಕೀಲಿ ಕೊಡುವ ಸರ್ವರನ್ನೂ ನಿಲ್ಲಿಸುತ್ತೇವೆ ಅಂದರು. ದುಡ್ಡು ಕೊಟ್ಟು ಕೊಂಡವರ ಹಾಡು ಹೊಸ ಕಂಪ್ಯೂಟರಿಗೆ ಹೋದರೆ ತೆರೆಯುವ ಹಾಗಿಲ್ಲ. ಗಲಾಟೆಯಾದ ಮೇಲೆ ಪರಿಹಾರ ಕೊಟ್ಟರು, ಆ ಮಾತು ಬೇರೆ. ಅಷ್ಟರಲ್ಲಿ ಗಾಳಿಯೂ ತಿರುಗಿತ್ತು. 2007ರ ಫೆಬ್ರವರಿಯಲ್ಲಿ ಸ್ಟೀವ್ ಜಾಬ್ಸ್ ಬೀಗ ಬೇಡ ಅಂತ ಬಹಿರಂಗ ಪತ್ರ ಬರೆದರು. ಅದೇ ವರ್ಷ ಮೇ ತಿಂಗಳಲ್ಲಿ ಇಎಂಐ ಕಂಪನಿಯ ಹಾಡುಗಳು ಬೀಗವಿಲ್ಲದೆ 256 ಕೆಬಿಪಿಎಸ್‌ನಲ್ಲಿ ಬಂದವು. 2009ರ ಜನವರಿಯಲ್ಲಿ ಇಡೀ ಅಂಗಡಿಯ ಹಾಡುಗಳಿಗೆ ಬೀಗ ತೆಗೆಯುವುದಾಗಿ ಆ್ಯಪಲ್ ಹೇಳಿತು. ಆ ಅಂಗಡಿ ಭಾರತಕ್ಕೆ ಬಂದದ್ದು 2012ರ ಡಿಸೆಂಬರಿನಲ್ಲಿ, ಬೀಗ ಹೋದ ಮೇಲೆ. ಹಾಗಾಗಿ ನಮ್ಮ ಕಡೆ ಇಂಥ ಹಳೇ ಫೈಲು ಸಿಕ್ಕರೆ ಅದು ಹೊರದೇಶದ ಅಣ್ಣ ತಮ್ಮಂದಿರ ಹಾರ್ಡ್‌ಡಿಸ್ಕಿನಿಂದ ಬಂದದ್ದೇ ಇರುತ್ತದೆ.

ಹಾಗಾದರೆ ಇದು ಮುಗಿದ ಕಥೆಯಲ್ಲವಾ ಅಂದರೆ, ಅಲ್ಲ. ಈಗ ಆ್ಯಪಲ್ ಮ್ಯೂಸಿಕ್ ಚಂದಾದಾರರು ಡೌನ್‌ಲೋಡ್ ಮಾಡಿದ ಹಾಡಿನ ಫೈಲಿಗೂ ಅದೇ ಎಂ4ಪಿ ಬಾಲ ಇದೆ. ಎರಡು ಬೇರೆ ಬೇರೆ ವಸ್ತು, ಹೆಸರು ಒಂದೇ. ಹಳೆಯದು ಕೊಂಡದ್ದು, ಹೊಸದು ಬಾಡಿಗೆಯದು. ಗುರುತಿಸಲು ಹಾಡಿನ ಮಾಹಿತಿ ತೆರೆದು 'ಕೈಂಡ್' ಅನ್ನುವ ಸಾಲು ನೋಡಿ. 'ಪ್ರೊಟೆಕ್ಟೆಡ್ ಎಎಸಿ' ಅಂತಿದ್ದರೆ ಹಳೇ ಬೀಗ. 'ಆ್ಯಪಲ್ ಮ್ಯೂಸಿಕ್ ಎಎಸಿ' ಅಂತಿದ್ದರೆ ಚಂದಾದ ಹಾಡು. 'ಪರ್ಚೇಸ್ಡ್ ಎಎಸಿ' ಅಂತಿದ್ದು ಫೈಲಿನ ಬಾಲ ಎಂ4ಎ ಇದ್ದರೆ ನಿಶ್ಚಿಂತೆ, ಡೆಕ್ಕಿಗೆ ಬಿಡಿ.

ಹಳೇ ಬೀಗದ ಫೈಲಿಗೆ ಅಂಗಡಿಯವರೇ ಬಿಟ್ಟಿದ್ದ ಒಂದು ಹಿತ್ತಲ ಬಾಗಿಲಿತ್ತು. ಅದು ಆಡಿಯೊ ಸಿಡಿ. ಅನುಮತಿ ಇರುವ ಕಂಪ್ಯೂಟರಿನಲ್ಲಿ ಹಾಡುಗಳನ್ನು ಪಟ್ಟಿ ಮಾಡಿ ಆಡಿಯೊ ಸಿಡಿ ಬರೆಯಬಹುದು, ಒಂದೇ ಪಟ್ಟಿಯನ್ನು ಏಳು ಸಲದವರೆಗೆ. ಡೇಟಾ ಸಿಡಿ ಬರೆದರೆ ಬೀಗ ಹಾಗೇ ಉಳಿಯುತ್ತದೆ, ಆಡಿಯೊ ಸಿಡಿಯೇ ಆಗಬೇಕು. 80 ನಿಮಿಷದ ಸಿಡಿಗೆ ಐದೈದು ನಿಮಿಷದ ಹದಿನಾರು ಹಾಡು. ಆಮೇಲೆ ಅದನ್ನು ಸದ್ದು ಕುಗ್ಗಿಸದೆ ಇಡುವ ವೇವ್ ಫೈಲಾಗಿ ವಾಪಸ್ ತೆಗೆದುಕೊಂಡರೆ ಯಾವ ಡಿಜೆ ಸಾಫ್ಟ್‌ವೇರ್ ಬೇಕಾದರೂ ತೆರೆಯುತ್ತದೆ. ನಾನು ಹೀಗೆ ಒಂದು ಆಷಾಢ ಪೂರ್ತಿ ಕೂತು ನಲವತ್ತು ಹಾಡು ಬಿಡಿಸಿದೆ. ಹೊರಗೆ ಮಳೆ, ಮದುವೆ ಒಂದೂ ಇಲ್ಲ, ಬೇರೆ ಕೆಲಸವಾದರೂ ಎಂತ ಇತ್ತು? ಆದರೆ ಎರಡು ಮಾತು. ಸಿಡಿಗೆ ಬರೆದ ಮಾತ್ರಕ್ಕೆ 128ರ ಹಾಡು ಸಿಡಿ ಕ್ವಾಲಿಟಿ ಆಗಲ್ಲ. ಮಜ್ಜಿಗೆಯನ್ನು ಹಾಲಿನ ಪಾತ್ರೆಗೆ ಸುರಿದ ಹಾಗೆ. ಮತ್ತೆ, ವಾಪಸ್ ತೆಗೆಯುವಾಗ ಎಂಪಿ3 ಮಾಡಿದರೆ ಇದ್ದದ್ದೂ ಇನ್ನೊಂದು ಸುತ್ತು ಸವೆಯುತ್ತದೆ. ಇವತ್ತು ಯಾರಾದರೂ ಕೇಳಿದರೆ, ಅಂಥ ಹತ್ತು ಹಾಡಿದ್ದರೆ ಬೀಗವಿಲ್ಲದ್ದನ್ನು ಹೊಸದಾಗಿ ಕೊಂಡುಬಿಡಿ ಅನ್ನುತ್ತೇನೆ. ಎಲ್ಲೂ ಸಿಗದ ಹಾಡಾದರೆ ಮಾತ್ರ ಸಿಡಿ ದಾರಿ.

'ಬೀಗ ಒಡೆಯುವ' ಸಾಫ್ಟ್‌ವೇರ್‌ಗಳೂ ಇವೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಎ ಸೆಕ್ಷನ್ ಸೇರಿದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ಮೇಲೆ ದಂಡ. ಬಾಡಿಗೆಯ ಹಾಡಿನ ಬೀಗ ಒಡೆದು ಇಟ್ಟುಕೊಂಡು ಅದರಲ್ಲೇ ದುಡಿಯುವವನಿಗೆ ಉದ್ದೇಶ ಒಳ್ಳೆಯದಿತ್ತು ಅಂತ ಹೇಳಲು ಬಾಯಿ ಬರಲ್ಲ.

ಫೋನಿನ 'ಡೌನ್‌ಲೋಡ್'

ಹುಡುಗರು ಹೆಚ್ಚು ಮೋಸ ಹೋಗುವುದು ಇಲ್ಲಿ. ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್ ಯಾವುದೇ ಇರಲಿ, ಹಾಡಿನ ಪಕ್ಕದ ಬಾಣ ಒತ್ತಿದರೆ 'ಡೌನ್‌ಲೋಡ್ ಆಯಿತು' ಅನ್ನುತ್ತದೆ. ನೆಟ್ ಇಲ್ಲದಿದ್ದರೂ ಹಾಡುತ್ತದೆ. ಹಾಗಾಗಿ ಹಾಡು ನಮ್ಮದಾಯಿತು ಅನ್ನಿಸುತ್ತದೆ. ಆದರೆ ಅದು ಆ್ಯಪ್‌ನ ಹೊಟ್ಟೆಯೊಳಗೆ ಬೀಗ ಹಾಕಿ ಇಟ್ಟ ತುಣುಕು. ಪೆನ್‌ಡ್ರೈವಿಗೆ ಹಾಕಲು ಬರಲ್ಲ, ಡಿಜೆ ಸಾಫ್ಟ್‌ವೇರಿಗೆ ಕಾಣಿಸುವುದೇ ಇಲ್ಲ, ಚಂದಾ ನಿಲ್ಲಿಸಿದರೆ ಹಾಡೂ ನಿಲ್ಲುತ್ತದೆ.

ಆದರೂ ಇದನ್ನು ಪೂರ್ತಿ ತಳ್ಳಿಹಾಕಬೇಡಿ. ನನ್ನ ಮಿಕ್ಸರಿನಲ್ಲಿ ಒಂದು ಚಾನೆಲ್ ಯಾವಾಗಲೂ ಖಾಲಿ ಇಟ್ಟಿರುತ್ತೇನೆ, ಅದಕ್ಕೊಂದು ಆಕ್ಸ್ ವೈರು. ಲ್ಯಾಪ್‌ಟಾಪ್ ಕೈಕೊಟ್ಟರೆ ಫೋನ್ ಚುಚ್ಚಿ ಒಂದು ಹಾಡು ಬಿಟ್ಟು, ಅದು ಮುಗಿಯುವುದರೊಳಗೆ ರಿಸ್ಟಾರ್ಟ್ ಮಾಡಿಕೊಳ್ಳುತ್ತೇನೆ. ಮಿಕ್ಸ್ ಆಗಲ್ಲ, ಬೀಟ್ ಕೂಡಿಸಲು ಆಗಲ್ಲ, ಸುಮ್ಮನೆ ಹಾಡು ಬರುತ್ತದೆ. ಸೋದರಮಾವನಿಗೆ ಅಷ್ಟೇ ಬೇಕಿದ್ದದ್ದು, ಆ ರಾತ್ರಿ ನನಗೆ ಅದು ಹೊಳೆಯಲಿಲ್ಲ. ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ. ತಾಳಿ ಕಟ್ಟುವ ಹೊತ್ತಿಗೆ ಬ್ಯಾಂಕಿನವರ ಫೋನು ಹದಿನೆಂಟು ಇಂಚಿನ ಬೇಸಿನಲ್ಲಿ ರಿಂಗಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಾಫ್ಟ್‌ವೇರ್ ಒಳಗೇ ಬರುವ ಸ್ಟ್ರೀಮಿಂಗ್

ಇದು ಮೇಲಿನದಕ್ಕಿಂತ ಬೇರೆ. ಇಲ್ಲಿ ಹಾಡಿನ ಸೇವೆಯವರೂ ಡಿಜೆ ಸಾಫ್ಟ್‌ವೇರಿನವರೂ ಒಪ್ಪಂದ ಮಾಡಿಕೊಂಡಿರುತ್ತಾರೆ, ಅಂದರೆ ಕೀಲಿಯನ್ನು ಷರತ್ತಿನ ಮೇಲೆ ಕೊಟ್ಟಿರುತ್ತಾರೆ. 2025ರಲ್ಲಿ ಆ್ಯಪಲ್ ಮ್ಯೂಸಿಕ್ ಸೆರಾಟೊ, ರೆಕಾರ್ಡ್‌ಬಾಕ್ಸ್‌ನಂಥ ಡಿಜೆ ಸಾಫ್ಟ್‌ವೇರ್‌ಗಳ ಒಳಗೆ ಬಂತು. ವೇವ್‌ಫಾರ್ಮ್ ಬರುತ್ತದೆ, ಬೀಟ್ ಕೂಡುತ್ತದೆ, ಕೋಟಿಗಟ್ಟಲೆ ಹಾಡು. ಯಾರು ಏನು ಕೇಳಿದರೂ ಇಲ್ಲ ಅನ್ನುವ ಹಾಗಿಲ್ಲ. ಶಿವಮೊಗ್ಗ ಪೇಟೆಯ ಕಲ್ಯಾಣಮಂಟಪದಲ್ಲಿ, ವಿನೋಬನಗರದ ಮನೆ ಮಹಡಿಯ ಬರ್ತ್‌ಡೇ ಪಾರ್ಟಿಯಲ್ಲಿ ಇದರಷ್ಟು ಸುಖ ಇನ್ನೊಂದಿಲ್ಲ.

ಷರತ್ತುಗಳನ್ನು ಮಾತ್ರ ಓದಿಕೊಳ್ಳಿ. ಸ್ಟ್ರೀಮಿಂಗ್ ಹಾಡು ಬಳಸುವಾಗ ಸಾಫ್ಟ್‌ವೇರಿನ ರೆಕಾರ್ಡ್ ಬಟನ್ ಸಾಮಾನ್ಯವಾಗಿ ಕೆಲಸ ಮಾಡಲ್ಲ. ಹಾಡಿನಿಂದ ದನಿ ಬೇರೆ, ತಾಳ ಬೇರೆ ಮಾಡುವ ಸ್ಟೆಮ್ಸ್ ಸೌಲಭ್ಯ ಆ್ಯಪಲ್ ಮ್ಯೂಸಿಕ್ ಹಾಡಿಗೆ ಸಿಗಲ್ಲ. ಬೀಟ್‌ಪೋರ್ಟ್‌ನ ಮೇಲ್ದರ್ಜೆಯ ಚಂದಾದಲ್ಲಿ ಸ್ವಲ್ಪ ಹಾಡನ್ನು ನೆಟ್ ಇಲ್ಲದಾಗ ಬಳಸಲು ಇಟ್ಟುಕೊಳ್ಳಬಹುದು, ಆದರೆ ಅದು ಕ್ಲಬ್ಬಿನ ಸಂಗೀತದ ಅಂಗಡಿ. ನಮ್ಮ ಬೀಗರಿಗೆ ಬೇಕಾದ ಕನ್ನಡ ಹಾಡು ಅಲ್ಲಿ ಹುಡುಕಿ ಸುಸ್ತಾಗುತ್ತೀರಿ.

ಒಪ್ಪಂದ ಮುರಿದರೆ? ಸ್ಪಾಟಿಫೈ ಹಾಗೇ ಮಾಡಿತು. 2020ರ ಜುಲೈ 1ರಿಂದ ಡಿಜೆ ಆ್ಯಪ್‌ಗಳೊಳಗೆ ತನ್ನ ಹಾಡು ಬರುವುದನ್ನು ನಿಲ್ಲಿಸಿತು. ವರ್ಷಗಟ್ಟಲೆ ಜೋಡಿಸಿದ್ದ ಪಟ್ಟಿಗಳು ಡೆಕ್ಕಿನ ಮಟ್ಟಿಗೆ ಬರೀ ಹೆಸರುಗಳಾದವು. 2025ರ ಸೆಪ್ಟೆಂಬರಿನಲ್ಲಿ ಕೆಲವು ದೇಶಗಳಿಗೆ, ಕೆಲವು ಸಾಫ್ಟ್‌ವೇರ್‌ಗಳಿಗೆ ಮತ್ತೆ ಬಂತು. ಬಂದದ್ದು ಸಂತೋಷವೇ, ಆದರೆ ಒಮ್ಮೆ ಎದ್ದು ಹೋದ ನೆಂಟ.

ಎಲ್ಲಕ್ಕಿಂತ ದೊಡ್ಡ ಷರತ್ತು ಮಲೆನಾಡಿನದೇ. 256 ಕೆಬಿಪಿಎಸ್ ಹಾಡಿಗೆ ಗಂಟೆಗೆ ಸುಮಾರು 115 ಎಂಬಿ ಡೇಟಾ ಸಾಕು, ನಾಲ್ಕು ಗಂಟೆಗೆ ಅರ್ಧ ಜಿಬಿಯೂ ಆಗಲ್ಲ. ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಆದರೆ ಆಗುಂಬೆಯ ಆಚೆ, ಹುಲಿಕಲ್ ಘಾಟಿಯ ಬುಡದಲ್ಲಿ, ಶರಾವತಿ ಹಿನ್ನೀರಿನ ತುಮರಿ ಕಡೆ ಆ ಅರ್ಧ ಜಿಬಿ ಎಲ್ಲಿಂದ ತರುವುದು? ಸಿಗಂದೂರಿನ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಸ್ಪೀಕರ್ ಹೇರಿದ ಗಾಡಿ ಲಾಂಚಿಗೆ ಕಾಯುವುದು ತಪ್ಪಿತು. ಹಾಡು ಹೊತ್ತ ಸಿಗ್ನಲ್ ಮಾತ್ರ ಈಗಲೂ ಒಂದು ಮರದ ಬುಡದಲ್ಲಿ ಇದ್ದರೆ ಇನ್ನೊಂದರಲ್ಲಿ ಇಲ್ಲ. ಸಿಗ್ನಲ್ ಇರುವ ಊರಲ್ಲೂ ಐನೂರು ಜನ ಒಂದೇ ಅಂಗಳದಲ್ಲಿ ಸೇರಿ ಎಲ್ಲರೂ ವೀಡಿಯೊ ಕಳಿಸಲು ಶುರುಮಾಡಿದರೆ, ಎರಡನೇ ಡೆಕ್ಕಿನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಕರೆಂಟ್ ಹೋದರೆ ಜನರೇಟರ್ ಎಳೆದು ಹಚ್ಚಬಹುದು, ನೆಟ್‌ವರ್ಕ್ ಹಚ್ಚಲು ಹಗ್ಗ ಇಲ್ಲ.

ಕೊಂಡ ಹಾಡು

ಈಗ ನಾನು ಹೆಚ್ಚು ನಂಬುವ ದಾರಿ. ಐಟ್ಯೂನ್ಸ್ ಅಂಗಡಿಯಲ್ಲಿ ಕೊಂಡ ಹಾಡು 256 ಕೆಬಿಪಿಎಸ್ ಎಎಸಿ, ಬೀಗವಿಲ್ಲ, ಕನ್ನಡ ಸಿನಿಮಾ ಹಾಡುಗಳೂ ಸಿಗುತ್ತವೆ. ಆ್ಯಪಲ್ ಮ್ಯೂಸಿಕ್ ಚಂದಾ ಬೇರೆ, ಐಟ್ಯೂನ್ಸ್‌ನಲ್ಲಿ ಬಿಡಿ ಹಾಡು ಕೊಳ್ಳುವುದು ಬೇರೆ. ಹೊಸಬರು ಮೊದಲಿನದನ್ನು ಮಾಡಿ ಎರಡನೆಯದನ್ನು ಮಾಡಿದೆ ಅಂದುಕೊಳ್ಳುತ್ತಾರೆ. ಸ್ವತಂತ್ರವಾಗಿ ಹಾಡು ಮಾಡುವವರದ್ದು ಬ್ಯಾಂಡ್‌ಕ್ಯಾಂಪ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿದ್ದರೆ ಅಲ್ಲೇ ಕೊಳ್ಳಿ. ಒಂದೇ ದುಡ್ಡಿಗೆ ಎಂಪಿ3 ಬೇಕಾ, ಕ್ವಾಲಿಟಿ ಕೆಡದಂತೆ ಕುಗ್ಗಿಸಿದ ಫ್ಲಾಕ್ ಬೇಕಾ, ವೇವ್ ಬೇಕಾ ಅಂತ ಅವರೇ ಕೇಳುತ್ತಾರೆ. ಕ್ಲಬ್ಬಿನ ಬೀಟ್‌ಗಳಿಗೆ ಬೀಟ್‌ಪೋರ್ಟ್ ಇದೆ, 2004ರಿಂದ ಬೀಗವಿಲ್ಲದೆ ಮಾರುತ್ತಿರುವವರು.

ಯಾವ ಫಾರ್ಮ್ಯಾಟ್ ಅನ್ನುವ ಜಗಳಕ್ಕೆ ಕಾಲ ಕಳೆಯಬೇಡಿ. ಐದು ನಿಮಿಷದ ಹಾಡು 320ರ ಎಂಪಿ3ಯಲ್ಲಿ 12 ಎಂಬಿ, ವೇವ್‌ನಲ್ಲಿ ಸುಮಾರು 53 ಎಂಬಿ. 32 ಜಿಬಿ ಪೆನ್‌ಡ್ರೈವಿಗೆ ಮೊದಲಿನದು ಎರಡೂವರೆ ಸಾವಿರ ಹಾಡು ಹಿಡಿಸುತ್ತದೆ. ಮದುವೆಗೆ 320 ಧಾರಾಳ ಸಾಕು. ಫ್ಲಾಕ್ ತಗೊಳ್ಳುವುದಾದರೆ ಒಂದು ಎಚ್ಚರ: ಹಳೇ ಸಿಡಿಜೆ ಯಂತ್ರಗಳು (ಸಿಡಿ, ಪೆನ್‌ಡ್ರೈವಿನಿಂದಲೇ ನುಡಿಸುವ ಡಿಜೆ ಪ್ಲೇಯರ್‌ಗಳು) ಅದನ್ನು ಓದಲ್ಲ, ಲ್ಯಾಪ್‌ಟಾಪಿನಲ್ಲಿ ಹಾಡಿದ್ದು ಬಾಡಿಗೆಯ ಪ್ಲೇಯರಿನಲ್ಲಿ ಮೂಕಾಗುತ್ತದೆ. ಪೆನ್‌ಡ್ರೈವ್ ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆಗಿರಲಿ.

ಅಟ್ಟದ ಮೇಲೆ ಆಡಿಯೊ ಸಿಡಿ ಇದ್ದರೆ ಅದು ಚಿನ್ನ. ಈಗಿನ ಸ್ಟ್ರೀಮಿಂಗಿನಲ್ಲಿ ಕಾಣದ ಎಷ್ಟೋ ಜಾನಪದ, ಭಾವಗೀತೆ ಅದರಲ್ಲಿವೆ, ಕ್ವಾಲಿಟಿಯೂ ಒಂದು ಗುಂಜಿ ಕಡಿಮೆಯಿಲ್ಲ. ಸಿಡಿಗೂ ಬೀಗ ಹಾಕಲು ಹೋದವರಿದ್ದರು. 2005ರಲ್ಲಿ ಸೋನಿ ಬಿಎಂಜಿಯ ಕೆಲವು ಸಿಡಿಗಳು ಕೇಳುಗರ ಕಂಪ್ಯೂಟರಿನೊಳಗೆ ಗುಟ್ಟಾಗಿ ಸಾಫ್ಟ್‌ವೇರ್ ಕೂರಿಸಿ, ಸಿಕ್ಕಿಬಿದ್ದು, ಸಿಡಿ ವಾಪಸ್ ಪಡೆಯಬೇಕಾಯಿತು. ನಮ್ಮ ಅಟ್ಟದ ಡೊಳ್ಳಿನ ಹಾಡಿನ ಸಿಡಿಗೆ ಆ ಭಯ ಇಲ್ಲ.

ಪೆನ್‌ಡ್ರೈವ್ ಸಂತೆ

ಎಲ್ಲರೂ ಮಾಡುವುದನ್ನು ಹೇಳದೆ ಹೋದರೆ ಇದು ಗೈಡ್ ಹೇಗಾಗುತ್ತದೆ? ಯೂಟ್ಯೂಬಿನಿಂದ ಎಂಪಿ3 ಮಾಡಿಕೊಳ್ಳುವುದು, ಇನ್ನೊಬ್ಬ ಸೌಂಡ್ಸ್‌ನವರ ಪೆನ್‌ಡ್ರೈವ್ ಇಡಿಯಾಗಿ ಕಾಪಿ ಹೊಡೆಯುವುದು. ಬೀಗ ಇಲ್ಲ, ದುಡ್ಡಿಲ್ಲ, ಡೆಕ್ಕಿಗೆ ಹತ್ತುತ್ತದೆ. ಕಾನೂನಿನ ಮಾತು ಪಕ್ಕಕ್ಕಿಟ್ಟರೂ ಕಿವಿಯ ಮಾತು ಇದೆ. ಕಂಪ್ಯೂಟರ್ ಸ್ಪೀಕರಿನಲ್ಲಿ ಎಲ್ಲ ಒಂದೇ ಥರ ಕೇಳುತ್ತದೆ. ತಗಡಿನ ಚಪ್ಪರದ ಕೆಳಗೆ ಎರಡು ಟಾಪ್, ಎರಡು ಬೇಸ್ ಇಟ್ಟು ಏರಿಸಿ ನೋಡಿ. ತಾಳದ ಸದ್ದು 'ಛಣ್' ಅನ್ನದೆ ಬಾಣಲೆಗೆ ನೀರು ಬಿದ್ದ ಹಾಗೆ 'ಚೊರ್' ಅನ್ನುತ್ತದೆ. ಫೈಲಿನ ಹೆಸರಿನಲ್ಲಿ 320 ಅಂತ ಬರೆದಿದ್ದರೂ ಒಳಗಿರುವುದು ಅದೇ ಸವೆದ ಸರಕು. ಒಂದು ಹಾಡು ಪಿಸುಗುಟ್ಟಿದರೆ ಮುಂದಿನದು ಕಿರುಚುತ್ತದೆ, ಗೇನ್ ತಿರುವುತ್ತಲೇ ರಾತ್ರಿ ಕಳೆಯಬೇಕು. ಒಂದು ಆರತಕ್ಷತೆಯಲ್ಲಿ ಹಾಡಿನ ನಡುವೆ ಯಾವುದೋ ಚಾನೆಲ್‌ನವರ 'ಸಬ್‌ಸ್ಕ್ರೈಬ್ ಮಾಡಿ' ಅನ್ನುವ ದನಿ ಬಂದು, ಮದುಮಗನ ಸ್ನೇಹಿತರು ಅದಕ್ಕೂ ಶಿಳ್ಳೆ ಹೊಡೆದರು.

ಕೊಂಡವರಿಗೂ ಒಂದು ಮಾತು. ಹಾಡು ಕೊಂಡ ಮಾತ್ರಕ್ಕೆ ಸಾರ್ವಜನಿಕವಾಗಿ ನುಡಿಸುವ ಹಕ್ಕು ಸಿಗಲ್ಲ, ಅದಕ್ಕೆ ಪರವಾನಗಿ ಬೇರೆ. ಮದುವೆಯ ಮೆರವಣಿಗೆ, ಮದುವೆಗೆ ಸೇರಿದ ಸಂಭ್ರಮಗಳಿಗೆ ಕೃತಿಸ್ವಾಮ್ಯ ಕಾಯ್ದೆಯ 52(1)(ಝಡ್‌ಎ) ವಿನಾಯಿತಿ ಕೊಡುತ್ತದೆ. ರೆಸಾರ್ಟಿನ ಹೊಸವರ್ಷದ ಪಾರ್ಟಿಗೆ ಆ ಕೊಡೆ ಇಲ್ಲ, ಆಯೋಜಕರ ಹತ್ತಿರ ಪರವಾನಗಿ ಇದೆಯಾ ಅಂತ ಮುಂಗಡ ತಗೊಳ್ಳುವ ಮೊದಲೇ ಕೇಳಿ. ರಾತ್ರಿ ಹತ್ತರ ಗಡುವು ಹೇಗೂ ಎಲ್ಲರಿಗೂ ಗೊತ್ತು.

ನನ್ನ ಲ್ಯಾಪ್‌ಟಾಪಿನ ಲೆಕ್ಕ

ಹೊಸಬರಾದರೆ ಒಂದೇ ಸಲ ಸಾವಿರ ಹಾಡು ಕೊಳ್ಳಲು ಹೋಗಬೇಡಿ. ನಾಲ್ಕು ಮದುವೆಯಲ್ಲಿ ಜನ ಕೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅದೇ ಐವತ್ತು ಅರವತ್ತು ಹಾಡು ತಿರುಗಿ ತಿರುಗಿ ಬರುತ್ತವೆ. ಅವನ್ನು ಮೊದಲು ಕೊಳ್ಳಿ. ನಾನು ಸ್ಟ್ರೀಮಿಂಗ್ ಚಂದಾ ಇಟ್ಟುಕೊಂಡಿರುವುದು ಮನೆಯಲ್ಲಿ ಹುಡುಕಿ ಕೇಳಲು, ಪೇಟೆಯ ಕಾರ್ಯಕ್ರಮದಲ್ಲಿ ಯಾರೂ ನಿರೀಕ್ಷಿಸದ ಹಾಡು ಕೇಳಿದಾಗ ಹಾಕಲು. ಘಟ್ಟದ ಕಡೆಯ ಬುಕಿಂಗ್ ಇದ್ದರೆ ಅದು ಇಲ್ಲ ಅಂತಲೇ ತಿಳಿದು ಹೊರಡುತ್ತೇನೆ. ದುಡ್ಡು ಕಡಿಮೆ ಇದ್ದು ಬರೀ ಫೈಲು ನುಡಿಸುವವರಿಗೆ ಮಿಕ್ಸ್ (Mixxx) ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಸ್ಟ್ರೀಮಿಂಗೇ ಬೇಕು ಅನ್ನುವವರು ಸೆರಾಟೊ, ರೆಕಾರ್ಡ್‌ಬಾಕ್ಸ್, ಡಿಜೇ (djay) ಅನ್ನುವ ಸಾಫ್ಟ್‌ವೇರ್‌ಗಳ ಕಡೆ ನೋಡಬೇಕು, ಆದರೆ ನಿಮ್ಮ ಖಾತೆ ಅದರಲ್ಲಿ ಲಾಗಿನ್ ಆಗಿ ಹಾಡು ಬರುತ್ತದಾ ಅಂತ ಪರೀಕ್ಷಿಸಿದ ಮೇಲೆ ದುಡ್ಡು ಕೊಡಿ.

ಕಾರ್ಯಕ್ರಮದ ಹಿಂದಿನ ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ನಾಳೆಯ ಪಟ್ಟಿಯನ್ನು ಪೂರ್ತಿ ಅನಲೈಜ್‌ಗೆ ಹಾಕುತ್ತೇನೆ. ವೇವ್‌ಫಾರ್ಮ್ ಮೂಡದ ಹಾಡು ಯಾವುದಿದೆಯೋ ಅಲ್ಲೇ ಗೊತ್ತಾಗುತ್ತದೆ. ಹೋದ ವೈಶಾಖದಲ್ಲಿ ತೀರ್ಥಹಳ್ಳಿ ಕಡೆಯ ಮದುವೆಗೆ ಹಾಗೆ ಹಾಕಿದಾಗ ಮೂರು ಹಾಡಿಗೆ ಮತ್ತೆ ಅದೇ ಸಪೂರ ಗೆರೆ ಬಂತು. ಮಗಳು ತನ್ನ ಚಂದಾದಿಂದ ಇಳಿಸಿದ್ದನ್ನು ನನ್ನ ಫೋಲ್ಡರಿಗೆ ಹಾಕಿದ್ದಳು. "ಡೌನ್‌ಲೋಡ್ ಆಗಿದೆ ಅಲ್ವಾ ಅಪ್ಪಾ" ಅಂದಳು. ಹತ್ತೂಕಾಲಿಗೆ ಮೂರನ್ನೂ ಕೊಂಡೆ, ಹತ್ತೂವರೆಗೆ ಮೂರಕ್ಕೂ ವೇವ್‌ಫಾರ್ಮ್ ಬಂತು, ಮಲಗಿದೆ.